ಅತ್ತಿಗೆ ಆರಿಸಿದ ಕಾಂಟ್ಯಾಕ್ಟರ್

ನಮ್ಮ ಅತ್ತಿಗೆಗೆ ಮೂಗಿನ ತುದಿಯಲ್ಲೇ ಕೋಪ. ಇದು ಬೀದಿಗೆಲ್ಲ ಗೊತ್ತು. ಅವಳ ಕೈಕೆಲಸ ಎಷ್ಟು ಚೊಕ್ಕ ಎನ್ನುವುದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಮಾಡುವುದು ಕಂಟ್ರೋಲ್ ಪ್ಯಾನಲ್. ಬಾಗಿಲು ಮುಚ್ಚಿದ ಮೇಲೆ ಹೊರಗಿನವರಿಗೆ ಕಾಣುವುದು ಬೂದು ಬಣ್ಣದ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೊಂದು ಹಸಿರು ಬಟನ್, ಒಂದು ಕೆಂಪು ಬಟನ್, ಅಷ್ಟೆ. ಒಳಗೆ ಅವಳು ತಂತಿಗಳನ್ನು ಬಾಚಿ ಹೆಣೆದ ತಲೆಗೂದಲಿನ ಹಾಗೆ ಸಾಲಾಗಿ ಕೂರಿಸಿರುತ್ತಾಳೆ. ಅದನ್ನು ನೋಡುವ ಭಾಗ್ಯ ರಿಪೇರಿಗೆ ಬರುವವರಿಗೆ ಮಾತ್ರ, ಅವರು ಬರುವಾಗಲೇ ಬೈದುಕೊಂಡು ಬಂದಿರುತ್ತಾರೆ.

ಅಣ್ಣನ ಹೆಂಡತಿಯಾದ್ದರಿಂದ ಅತ್ತಿಗೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ನಮ್ಮಿಬ್ಬರದು ಹೋಗೇ ಬಾರೇ ಎನ್ನುವ ಸಲಿಗೆ. ಅಣ್ಣ ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಫೋನಿನಲ್ಲಿ ಇರುವುದೇ ಹೆಚ್ಚು. ನಾನು ಮದುವೆಯ ಗೋಜಿಗೆ ಹೋದವಳಲ್ಲ. ಹೀಗಾಗಿ ಮನೆ ಎಂದರೆ ನಾವು ಮೂವರು ಹೆಂಗಸರು: ಅಮ್ಮ, ಅತ್ತಿಗೆ, ನಾನು. ಮೂವರಿಗೂ ಬಾಯಿದೆ. ಮೂವರದೂ ಒಟ್ಟಿಗೆ ತೆರೆದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ.

ಅತ್ತಿಗೆಯ ಪ್ಯಾನಲ್ ಅಂಗಡಿ ಒಂದು ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಕಬ್ಬಿಣದ ಹಾಳೆ ಕತ್ತರಿಸುವವರು, ನಡುವೆ ವೈರಿಂಗ್ ಬೆಂಚುಗಳು, ಇನ್ನೊಂದು ತುದಿಯಲ್ಲಿ ಗಾಜಿನ ಕೋಣೆ. ಆ ಕೋಣೆಯಲ್ಲಿ ಇಂಜಿನಿಯರು ಕೂತು ಯಾವ ಪ್ಯಾನಲ್‌ಗೆ ಯಾವ ಸಾಮಾನು ಎಂದು ಆರಿಸಿ ನಕ್ಷೆ ಬರೆಯುತ್ತಾರೆ, ಬೆಂಚಿನವರು ಅದನ್ನು ನೋಡಿ ಜೋಡಿಸುತ್ತಾರೆ. ನಕ್ಷೆಯಲ್ಲಿ ಏನಾದರೂ ಸರಿಯಿಲ್ಲ ಅನ್ನಿಸಿದರೆ ಬಾಯಿ ಮುಚ್ಚಿಕೊಂಡು ಜೋಡಿಸಬೇಕು, ಇಲ್ಲವೇ ಗಾಜಿನ ಬಾಗಿಲು ತಟ್ಟಿ ಸಾರ್, ಒಂದು ಸಂದೇಹ ಎಂದು ವಿನಯದಿಂದ ಕೇಳಬೇಕು. ನಮ್ಮವಳಿಗೆ ಬಾಯಿ ಮುಚ್ಚುವುದೂ ಬಾರದು, ವಿನಯವೂ ಬಾರದು. ಇದು ತಪ್ಪು ಎಂದುಬಿಡುತ್ತಾಳೆ. ಕೆಲವು ಸಲ ಅವಳು ಹೇಳಿದ್ದೇ ಸರಿಯಾಗುತ್ತಿತ್ತು, ಕೆಲವು ಸಲ ಇಂಜಿನಿಯರದು. ಸೋತ ದಿನ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಬೇರೆಯವರು ಆರಿಸಿದ್ದನ್ನು ಜೋಡಿಸಿ ಸಾಕಾಗಿದೆ, ತಾನು ಆರಿಸಬೇಕು. ವರ್ಷಗಟ್ಟಲೆ ಇದೇ ಜಪ. ಕೊನೆಗೆ ಅವಳ ಕಾಟ ತಾಳಲಾರದೆಯೋ ಏನೋ, ಮಾಲೀಕರು ಒಂದು ಪ್ಯಾನಲನ್ನು ಪೂರ್ತಿ ಅವಳ ಕೈಗೆ ಕೊಟ್ಟರು. ಸಾಮಾನು ಅವಳೇ ಆರಿಸಬೇಕು, ನಕ್ಷೆ ಅವಳೇ ಬರೆಯಬೇಕು, ಅವಳೇ ಹೋಗಿ ಕೂರಿಸಿ ಬರಬೇಕು. ತಕರಾರಿಲ್ಲದೆ ಓಡಿದರೆ ಗಾಜಿನ ಕೋಣೆಯಲ್ಲಿ ಇನ್ನೊಂದು ಕುರ್ಚಿ, ಓಡದಿದ್ದರೆ ಆ ಮಾತನ್ನು ಮತ್ತೆ ಎತ್ತಕೂಡದು ಎಂದರು. ಅವತ್ತು ಅವಳು ಪಾತ್ರೆಗಳನ್ನು ಎಷ್ಟು ಮೆಲ್ಲಗೆ ಇಟ್ಟಳೆಂದರೆ ಅಮ್ಮ ಗಾಬರಿಯಾಗಿ ಮೈ ಹುಷಾರಿಲ್ಲವೇ ಎಂದು ಕೇಳಿದಳು.

ಆ ಪ್ಯಾನಲ್ ನಮ್ಮ ಲಾಂಡ್ರಿಯದು. ನಾನೂ ಅಮ್ಮನೂ ಕೆಲಸ ಮಾಡುವುದು ಅಲ್ಲೇ. ಆಸ್ಪತ್ರೆ ಮತ್ತು ವಸತಿಗೃಹಗಳ ಹಾಸುಬಟ್ಟೆ, ಟವೆಲುಗಳು ಗಾಡಿಗಟ್ಟಲೆ ಬರುತ್ತವೆ. ನಾನು ದೊಡ್ಡ ಒಗೆಯುವ ಯಂತ್ರ ನೋಡಿಕೊಳ್ಳುತ್ತೇನೆ, ಅಮ್ಮ ಮಡಿಸುವ ಮೇಜಿನಲ್ಲಿ. ಇಡೀ ಕಟ್ಟಡದಲ್ಲಿ ಹತ್ತಿಯ ಧೂಳು ಹಾರಾಡುತ್ತಿರುತ್ತದೆ. ಸಂಜೆ ಹೊರಗೆ ಬರುವಾಗ ನಮ್ಮ ಹುಬ್ಬೆಲ್ಲ ಬೆಳ್ಳಗಾಗಿರುತ್ತದೆ.

ಯಂತ್ರ ಹಳೆಯ ಕಾಲದ್ದು. ಒಳಗೆ ತಿರುಗುವ ಡ್ರಮ್ಮಿಗೊಂದು ಬಾಗಿಲು, ಹೊರಗಿನ ತೊಟ್ಟಿಗೊಂದು ಬಾಗಿಲು. ಎರಡೂ ಎದುರುಬದುರು ಬಂದು ನಿಂತರೆ ಮಾತ್ರ ಬಟ್ಟೆ ಹಾಕುವುದು, ತೆಗೆಯುವುದು ಸಾಧ್ಯ. ಎದುರಿಗೆ ತರಲು ಬಟನನ್ನು ತಟ್ಟಿ ತಟ್ಟಿ ಡ್ರಮ್ಮನ್ನು ಇಷ್ಟಿಷ್ಟೇ ಸರಿಸಬೇಕು. ಬಾಗಿಲು ಮುಚ್ಚಿ ಒಗೆಯುವಾಗ ತಾನೇ ಓಡುತ್ತದೆ, ತೆರೆದಿರುವಾಗ ಮಾತ್ರ ತಟ್ಟಿದಾಗ ತಿರುಗುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ನಿಲ್ಲುತ್ತದೆ ಎನ್ನುವ ನಂಬಿಕೆಯ ಮೇಲೆಯೇ ನಾನು ಇನ್ನೊಂದು ಕೈಯನ್ನು ಒಳಗೆ ಹಾಕಿ ಡ್ರಮ್ಮಿನ ಚಿಲಕ ಬಿಚ್ಚುವುದು. ದಿನವೂ ಇದೇ ಕೆಲಸ, ಬಟ್ಟೆ ಎಷ್ಟು ಸಲ ಹಾಕುತ್ತೇನೋ ಅಷ್ಟು ಸಲ.

ಬಟನ್ ಒತ್ತಿದಾಗ ಮೋಟರಿಗೆ ನಾವೇ ಕರೆಂಟು ಕೊಡುತ್ತೇವೆ ಎಂದು ನಾನು ತಿಳಿದಿದ್ದೆ. ಅತ್ತಿಗೆ ಹಣೆ ಚಚ್ಚಿಕೊಂಡಳು. ಅಷ್ಟು ಕರೆಂಟು ಬಟನ್ನಿನಲ್ಲಿ ಹರಿದರೆ ನೀನು ಕರಕಲಾಗುತ್ತೀಯ ಎಂದು ಹೇಳಿ ಪಾಠ ಶುರುಮಾಡಿದಳು. ಪೆಟ್ಟಿಗೆಯೊಳಗೆ ಕಾಂಟ್ಯಾಕ್ಟರ್ ಎನ್ನುವ ಅಂಗೈಯಗಲದ ಕರಿ ಡಬ್ಬಿ ಇರುತ್ತದೆ. ನಾನು ಬಟನ್ ಒತ್ತಿದರೆ ಅದರ ಕಾಯಿಲ್‌ಗೆ ಚೂರು ಕರೆಂಟು ಹೋಗಿ ಅಯಸ್ಕಾಂತ ಹುಟ್ಟುತ್ತದೆ, ಅದು ಟಕ್ಕೆಂದು ಎಳೆದು ಮೋಟರಿನ ತಂತಿಗಳನ್ನು ಕೂಡಿಸುತ್ತದೆ. ಬಟನ್ ಬಿಟ್ಟರೆ ಅಯಸ್ಕಾಂತ ಸಾಯುತ್ತದೆ, ಸ್ಪ್ರಿಂಗು ಹಿಂದಕ್ಕೆ ತಳ್ಳುತ್ತದೆ, ಮೋಟರು ನಿಲ್ಲುತ್ತದೆ. ಎಂದರೆ ನನ್ನ ಕೈ ಉಳಿಯುವುದು ಆ ಸ್ಪ್ರಿಂಗಿನ ದಯೆಯಿಂದ.

ರಜೆಯ ದಿನ ಅವಳು ಲಾಂಡ್ರಿಗೆ ಬಂದು ನನ್ನ ಪಕ್ಕದಲ್ಲೇ ನಿಂತು ನೋಡಿದಳು. ಮಗುವನ್ನು ಮಲಗಿಸುವ ಹಾಗೆ ತಟ್ಟುತ್ತೀಯಲ್ಲೇ ಎಂದು ಆಡಿಕೊಂಡಳು. ಆದರೆ ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಒಮ್ಮೆ ಶುರುವಾಗಿ ಸುಮ್ಮನೆ ಓಡುವ ಮೋಟರಿಗೆ ಒಂದು ಅಳತೆಯ ಕಾಂಟ್ಯಾಕ್ಟರ್ ಸಾಕು, ಹೀಗೆ ತಟ್ಟಿಸಿಕೊಳ್ಳುವ ಮೋಟರಿಗೆ ಅದು ಸಾಲದು. ಪ್ರತಿ ತಟ್ಟಿಗೂ ತಂತಿಗಳನ್ನು ಕೂಡಿಸುವ ಒಳಗಿನ ಪಾಯಿಂಟುಗಳಲ್ಲಿ ಕಿಡಿ ಹಾರುತ್ತದೆ, ಕಿಡಿ ಹಾರಿ ಹಾರಿ ಕೊನೆಗೆ ಅವು ಒಂದಕ್ಕೊಂದು ಬೆಸುಗೆಯಾಗಿ ಕೂತುಬಿಡುತ್ತವೆ. ಎಷ್ಟು ಕರೆಂಟು ತಾಳುತ್ತದೆ ಎಂದು ಡಬ್ಬಿಯ ಮೇಲೆ ದೊಡ್ಡ ಅಂಕಿಯೊಂದು ಇರುತ್ತದೆ, ಅದು ಹೀಟರಿನಂಥದ್ದಕ್ಕೆ. ಮೋಟರಿಗೆ ಪಕ್ಕದ ಸಣ್ಣ ಅಂಕಿ. ದೊಡ್ಡದನ್ನು ನೋಡಿ ಕೊಂಡು ಬರುವವರು ಬೇಕಾದಷ್ಟು ಜನ ಎಂದು ಅವಳು ಮೂಗು ಮುರಿದಳು. ತಯಾರಕರ ಅಳತೆಪಟ್ಟಿ ಹೇಳಿದ್ದಕ್ಕಿಂತ ಒಂದು ಅಳತೆ ಮೇಲಿನದನ್ನು ಆರಿಸಿದಳು. ಇಂಜಿನಿಯರು ನಕ್ಷೆ ನೋಡಿ, ತಟ್ಟಿ ಓಡಿಸುವುದಾದರೆ ನಾನಾದರೆ ಎರಡು ಅಳತೆ ಮೇಲೆ ಹೋಗುತ್ತಿದ್ದೆ ಎಂದರಂತೆ. ಒಂದೇ ಸಾಕು, ಲೆಕ್ಕ ಹಾಕಿದ್ದೇನೆ ಎಂದಳಂತೆ ಇವಳು. ಹೇಗೆ ಹೇಳಿರಬಹುದು ಎಂದು ನಾನು ಊಹಿಸಬಲ್ಲೆ.

ಹೊಸ ಕಾಂಟ್ಯಾಕ್ಟರಿನ ಅಯಸ್ಕಾಂತದ ಮುಖಕ್ಕೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರೇ ಗಟ್ಟಿ ಗ್ರೀಸು ಬಳಿದು ಕಳಿಸುತ್ತಾರೆ. ಕೂರಿಸುವ ಮೊದಲು ಬಿಚ್ಚಿ ಅದನ್ನು ಒರೆಸಬೇಕು. ಅತ್ತಿಗೆ ಅದನ್ನು ಮನೆಗೇ ತಂದು, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಬನಿಯನ್ ಚೂರಿನಿಂದ ಕನ್ನಡಿಯ ಹಾಗೆ ಒರೆಸಿದಳು. ನಾನು ಎದುರಿಗೇ ಕೂತಿದ್ದೆ. ಮಾರನೆಯ ದಿನ ಪ್ಯಾನಲ್ ಲಾಂಡ್ರಿಯ ಗೋಡೆಗೆ ಏರಿತು. ನಾನು ತಟ್ಟಿದೆ, ಟಕ್. ಬಿಟ್ಟೆ, ಟಕ್. ಡ್ರಮ್ಮು ನಾನು ಹೇಳಿದಲ್ಲಿ ನಿಂತಿತು. ಅತ್ತಿಗೆ ನಗಲಿಲ್ಲ, ಆದರೆ ಹೊರಡುವಾಗ ಪೆಟ್ಟಿಗೆಯ ಬಾಗಿಲನ್ನು ಒಮ್ಮೆ ಸವರಿದಳು.

ಎಲ್ಲ ಸರಿ, ಒಂದು ಸಣ್ಣ ಶಬ್ದ ಬಿಟ್ಟರೆ. ಬಟ್ಟೆ ಒಗೆಯುವಷ್ಟು ಹೊತ್ತೂ ಪೆಟ್ಟಿಗೆಯೊಳಗಿಂದ ಗುಂಯ್ ಎಂದು ಸಣ್ಣಗೆ ಕೇಳುತ್ತಿತ್ತು. ಕಾಂಟ್ಯಾಕ್ಟರ್ ಎಂದರೆ ಅಷ್ಟು ಗುನುಗುವುದೇ ಎಂದು ಅತ್ತಿಗೆ ಹೇಳಿದಳು, ನಾನು ಮರೆತೂ ಬಿಟ್ಟೆ. ಮಡಿಸುವ ಮೇಜಿನ ಹೆಂಗಸರು ಮರೆಯಲಿಲ್ಲ. ಪೆಟ್ಟಿಗೆ ಅವರ ಬೆನ್ನ ಹಿಂದೆಯೇ ಇತ್ತು. ನಿಮ್ಮ ಸೊಸೆ ಒಳಗೆ ಜೇನು ಸಾಕಿದ್ದಾಳಾ ಎಂದು ಅಮ್ಮನನ್ನು ಕೆಣಕತೊಡಗಿದರು. ಹೆಂಗಸರು ಮಾಡಿದ ಪ್ಯಾನಲ್ಲು, ಮಾತಾಡದೆ ಇರುತ್ತದಾ ಎಂದು ಇನ್ನೊಬ್ಬಳು. ತಮಾಷೆಯೇ, ಆದರೆ ಅಮ್ಮನಿಗೆ ಸೊಸೆಯನ್ನು ಬೈಯುವ ಹಕ್ಕು ತನ್ನೊಬ್ಬಳದು ಎಂಬ ನಂಬಿಕೆ.

ಅಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಲಾಂಡ್ರಿಗೆ ಬರುವ ಮೊದಲು ಅವಳು ಬಹಳ ಕಾಲ ಹೊಲಿಗೆ ಕಾರ್ಖಾನೆಯಲ್ಲಿ ಇದ್ದವಳು. ಅಲ್ಲಿ ಅವಳ ಮಿಷನ್ನು ಒಂದು ದಿನವೂ ನಿಂತಿರಲಿಲ್ಲವಂತೆ, ಕಾರಣ ಎಣ್ಣೆ. ಶಬ್ದ ಮಾಡುವ ಯಂತ್ರಕ್ಕೆ ಎಣ್ಣೆ ಬೇಕು, ಶಬ್ದ ಮಾಡುವ ಮನುಷ್ಯರಿಗೆ ಊಟ ಬೇಕು ಎನ್ನುವುದು ಅವಳ ವೇದವಾಕ್ಯ. ನಮ್ಮ ಮನೆಯಲ್ಲಿ ಬಾಗಿಲ ತಿರುಗಣಿ, ಕತ್ತರಿ, ಫ್ಯಾನು, ಬೀಗ, ಛತ್ರಿಯ ಕಡ್ಡಿ ಎಲ್ಲಕ್ಕೂ ಹೊಲಿಗೆ ಮಿಷನ್ನಿನ ಎಣ್ಣೆಯೇ ಮದ್ದು. ನಮ್ಮ ಬಟ್ಟೆಗಳಿಗೂ ಆ ವಾಸನೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಡ್ರಮ್ಮನ್ನು ಎದುರಿಗೆ ತಂದೆ, ಬೆರಳು ತೆಗೆದೆ, ಇನ್ನೊಂದು ಕೈ ಚಿಲಕದ ಮೇಲಿಟ್ಟೆ. ಡ್ರಮ್ಮು ನಿಲ್ಲಲಿಲ್ಲ. ಕೈಯನ್ನು ಎಳೆದುಕೊಂಡೇ ಹೊರಟಿತು. ಹೇಗೆ ಕಿತ್ತುಕೊಂಡೆನೋ ಗೊತ್ತಿಲ್ಲ, ಕೈ ಉಳಿಯಿತು, ಕೈಗಡಿಯಾರ ಚೂರಾಯಿತು. ಕೆಂಪು ಬಟನ್ ಗುದ್ದಿದೆ, ಅದಕ್ಕೂ ಜಗ್ಗಲಿಲ್ಲ. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದ ಮೇಲೆ ನಿಂತಿತು. ನಾನು ನೆಲದ ಮೇಲೆ ಕೂತು, ಅಲ್ಲಿದ್ದವರೆಲ್ಲರನ್ನೂ ಸುಮ್ಮಸುಮ್ಮನೆ ಬೈದೆ.

ಅತ್ತಿಗೆಯೂ ಇಂಜಿನಿಯರೂ ಒಟ್ಟಿಗೆ ಬಂದರು. ಇಂಜಿನಿಯರು ಕೆಟ್ಟವರೇನಲ್ಲ, ಮೊದಲು ನನ್ನ ಕೈ ನೋಡಿದರು. ಆಮೇಲೆ ಕಾಂಟ್ಯಾಕ್ಟರಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಕುಟ್ಟಿದರು, ಟಕ್ಕೆಂದು ಬಿಟ್ಟುಕೊಂಡಿತು. ಪಾಯಿಂಟು ಬೆಸುಗೆಯಾಗಿದೆ, ನಾನು ಮೊದಲೇ ಹೇಳಿದ್ದೆ ಎಂದರು. ಬಿಚ್ಚಿ ತೆಗೆದು ಗುಜರಿ ಡಬ್ಬಕ್ಕೆ ಎಸೆದರು. ಅತ್ತಿಗೆ ಮುಖ ಕೆಂಪಗೆ ಮಾಡಿಕೊಂಡು, ತನ್ನ ಲೆಕ್ಕ ತಪ್ಪಿಲ್ಲ, ಪೀಸೇ ಕೆಟ್ಟದ್ದಿರಬೇಕು ಎಂದು ವಾದಿಸಿ ಅದೇ ಅಳತೆಯ ಇನ್ನೊಂದನ್ನು ಒರೆಸಿ ಕೂರಿಸಿದಳು. ಹಳೆಯದನ್ನು ಬಿಚ್ಚಿ ನೋಡೋಣವೆಂದು ಗುಜರಿ ಡಬ್ಬದ ಹತ್ತಿರ ಹೋಗುವಷ್ಟರಲ್ಲಿ ಗುಜರಿಯವನು ಬಂದು ಹೋಗಿದ್ದ. ಆ ಸಂಜೆ ನಮ್ಮ ಮನೆಯಲ್ಲಿ ಒಂದು ತಟ್ಟೆ ಸೊಟ್ಟಗಾಯಿತು.

ಇನ್ನಷ್ಟು ವಾರ ಕಳೆದವು. ಮತ್ತೆ ಅದೇ. ಈ ಸಲ ನಾನು ಹುಷಾರಾಗಿದ್ದೆ, ಡ್ರಮ್ಮು ನಿಂತದ್ದನ್ನು ಕಣ್ಣಾರೆ ನೋಡುವವರೆಗೆ ಕೈ ಹಾಕುತ್ತಿರಲಿಲ್ಲ. ಮೇನ್ ಇಳಿಸಿ ಅತ್ತಿಗೆಗೆ ಫೋನು ಮಾಡಿದೆ. ಯಾರನ್ನೂ ಮುಟ್ಟಲು ಬಿಡಬೇಡ ಎಂದಳು. ತಾನೇ ಬಂದು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಡಿಸಿದಳು. ಪಾಯಿಂಟುಗಳು ಹೊಳೆಯುತ್ತಿದ್ದವು. ಬೆಸುಗೆಯೂ ಇಲ್ಲ, ಸುಟ್ಟ ಕಲೆಯೂ ಇಲ್ಲ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಅಯಸ್ಕಾಂತದ ಎರಡು ಅರ್ಧಗಳನ್ನು ಬೇರೆ ಮಾಡಲು ಹೋದಳು, ಅವು ಬರಲೊಲ್ಲವು. ಎಳೆದಾಗ ಪಚ್ಚೆಂದು ಬಿಟ್ಟವು. ನಡುವೆ ಕಂದು ಬಣ್ಣದ ಗೋಂದು, ಅದರೊಳಗೆ ಹತ್ತಿಯ ಧೂಳು. ಕರೆಂಟು ಹೋದರೂ, ಸ್ಪ್ರಿಂಗು ತಳ್ಳಿದರೂ, ಈ ಗೋಂದು ಹಿಡಿದುಕೊಂಡು ಕೂತಿತ್ತು. ಅತ್ತಿಗೆ ಅದನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಮೂಗಿನ ಹತ್ತಿರವೂ ಹಿಡಿದಳು. ಅದು ನಮ್ಮ ಮನೆಯ ವಾಸನೆ.

ಅಮ್ಮ ಒಳಗಿನ ಕೋಣೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದಳು. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದಳು, ನಾನು ಹಿಂದೆ ನಿಂತಿದ್ದೆ.

"ಅತ್ತೆ, ಪೆಟ್ಟಿಗೆಗೆ ಎಣ್ಣೆ ಹಾಕಿದ್ರಾ?"

"ಹಾಕದೆ? ವಾರವಾರ ಕ್ಲೀನಿಂಗ್ ದಿನ ಹಾಕ್ತೀನಿ. ಮೇನ್ ಆಫ್ ಮಾಡಿಯೇ ಹಾಕೋದು, ನನಗೆ ಅಷ್ಟೂ ತಿಳಿಯಲ್ವಾ? ಅವರೆಲ್ಲ ನಿನ್ನ ಆಡ್ಕೊಂಡು ನಗ್ತಿದ್ರು. ಎಣ್ಣೆ ಬಿಟ್ಟ ಮೇಲೆ ನೋಡು, ಶಬ್ದ ಎಷ್ಟು ತಗ್ಗಿದೆ."

ಶಬ್ದ ತಗ್ಗಿದ್ದು ನಿಜ. ಮೋಟರು ಬಿಸಿಯಾಗಿ ನಿಂತಾಗ ಒಳಗಿನ ರಿಲೇ ಒತ್ತಿ ಮತ್ತೆ ಶುರುಮಾಡಲು ಬೇಕಾಗುತ್ತದೆಂದು ಪೆಟ್ಟಿಗೆಯ ಬೀಗದ ಕೈಯನ್ನು ಹಿಡಿಯಲ್ಲೇ ದಾರ ಕಟ್ಟಿ ನೇತುಹಾಕಿದ್ದೆವು, ತೆಗೆಯುವುದು ಯಾರಿಗೂ ಕಷ್ಟವಲ್ಲ. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಮ್ಮನಿಗೆ ಅಂದೆ, ನನ್ನ ಕೈ ಹೋಗುತ್ತಿತ್ತಲ್ಲ ಎಂದೆ. ಅಮ್ಮನ ಕಣ್ಣು ಒಂದು ಗಳಿಗೆ ನನ್ನ ಕೈ ಮೇಲೆ ನಿಂತಿತು. ಆದರೂ, ಎಣ್ಣೆ ಹಾಕಿದರೆ ಯಾವ ಯಂತ್ರ ಕೆಡುತ್ತದೆ ಎಂದೇ ಹಟ. ಅತ್ತಿಗೆ ಕಿರುಚುತ್ತಾಳೆ ಎಂದು ನಾನು ಕಾದೆ. ಅವಳು ಕಿರುಚಲಿಲ್ಲ, ಹೊಸಿಲ ಮೇಲೆ ಕೂತಳು. ಎಲ್ಲರಿಗೂ ಎಲ್ಲ ಹೇಳ್ತೀನಿ, ಎಣ್ಣೆ ಹಾಕಬೇಡಿ ಅಂತ ಮನೆಯವರಿಗೆ ಹೇಳಬೇಕು ಅನ್ನೋದು ಹೊಳೆಯಲೇ ಇಲ್ಲವಲ್ಲ ಎಂದಳು.

ಆದರೂ ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನ ನಮ್ಮಿಬ್ಬರಿಗೂ ಇತ್ತು. ಮಾರನೆಯ ದಿನ ಸಾಕ್ಷಿಗೆಂದು ನಾನೂ ಅವಳ ಜೊತೆ ಪ್ಯಾನಲ್ ಅಂಗಡಿಗೆ ಹೋದೆ. ಅವಳು ಬಿಚ್ಚಿದ ಕಾಂಟ್ಯಾಕ್ಟರನ್ನು ಮಾಲೀಕರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಅತ್ತೆ ಎಣ್ಣೆ ಹಾಕಿದ್ದರಿಂದ ಹೀಗಾಯಿತು ಎನ್ನುವ ಮಾತು ಅವಳ ಬಾಯಿಂದ ಹೊರಬೀಳುತ್ತಿದ್ದ ಹಾಗೆಯೇ ಬೆಂಚುಗಳ ಕಡೆಯಿಂದ ಕಿಸಕ್ಕೆಂದು ನಗು ಕೇಳಿತು. ಆಗ ನನಗೆ ಅರ್ಥವಾಯಿತು. ಲೋಕದಲ್ಲಿ ಯಾವ ಕಾರಣ ಹೇಳಿದ್ದರೂ ನಂಬುತ್ತಿದ್ದರೇನೋ, ಸೊಸೆಯ ಬಾಯಲ್ಲಿ ಅತ್ತೆಯ ಹೆಸರು ಬಂದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ಮೆಲ್ಲಗೆ ಅಂದರು. ಅದೂ ನಮಗೆ ಕೇಳುವಷ್ಟು ಮೆಲ್ಲಗೆ.

ಇಂಜಿನಿಯರು ಗೋಂದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂಟಿಕೊಂಡಿರುವುದು ಅಯಸ್ಕಾಂತವೇ, ಪಾಯಿಂಟಲ್ಲ ಎಂದು ಒಪ್ಪಿದರು. ತಮ್ಮದು ತಪ್ಪಾಯಿತು ಎಂದೂ ಹೇಳಿದರು. ನಮಗೆ ಹೋದ ಜೀವ ಬಂತು. ಆಮೇಲೆ ಅವರು ಶಾಂತವಾಗಿ, ಇದು ಕಾರ್ಖಾನೆಯ ಗ್ರೀಸು ಎಂದರು. ಕೂರಿಸುವ ಮೊದಲು ಒರೆಸಿಲ್ಲ, ಧೂಳು ಸೇರಿ ಗೋಂದಾಗಿದೆ. ಒರೆಸಿದ್ದೇನೆ ಎಂದು ಅತ್ತಿಗೆ, ನಾನು ನೋಡಿದ್ದೇನೆ ಎಂದು ನಾನು. ನಾದಿನಿಯ ಸಾಕ್ಷಿ ಎಷ್ಟು ತೂಗುತ್ತದೆ ಎನ್ನುವುದು ಮಾಲೀಕರ ಮುಖದಲ್ಲೇ ಕಾಣುತ್ತಿತ್ತು.

ಪರೀಕ್ಷೆ ಮಾಡೋಣ ಎಂದರು ಇಂಜಿನಿಯರು. ನ್ಯಾಯವಾಗಿಯೇ ಮಾಡಿದರು. ಹೊಸ ಕಾಂಟ್ಯಾಕ್ಟರ್ ತಂದು, ಗ್ರೀಸು ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ತರಿಸಿ ಧಾರಾಳವಾಗಿ ಬಿಟ್ಟರು. ಬಟನ್ ಒತ್ತಿದರು, ಟಕ್. ಬಿಟ್ಟರು, ಟಕ್. ಮತ್ತೆ ಮತ್ತೆ ಒತ್ತಿದರು. ಅದು ಎಂದಿಗಿಂತ ಚುರುಕಾಗಿ ಬಿಟ್ಟುಕೊಳ್ಳುತ್ತಿತ್ತು. ಅತ್ತಿಗೆ ಗಂಟಲು ಹರಿಯುವ ಹಾಗೆ ಹೇಳಿದಳು: ಇವತ್ತಿನ ಎಣ್ಣೆ ಇವತ್ತೇ ಅಂಟುವುದಿಲ್ಲ, ವಾರವಾರ ಬಿಡಬೇಕು, ಹತ್ತಿಯ ಧೂಳು ಕೂರಬೇಕು, ಬಿಸಿಗೆ ಗಟ್ಟಿಯಾಗಬೇಕು. ಬೆಂಚಿನ ಮೇಲೆ ಧೂಳು ಹಾಕಿ ತಿಂಗಳುಗಟ್ಟಲೆ ಓಡಿಸಿ ತೋರಿಸುತ್ತೇನೆ, ಬಿಡಿ ಎಂದಳು. ಮಾಲೀಕರು ಕೈಯೆತ್ತಿದರು. ಇಲ್ಲಿ ಮಾಡುವುದಕ್ಕೆ ಬೇರೆ ಕೆಲಸ ಇದೆ, ತಪ್ಪು ಎಲ್ಲರೂ ಮಾಡುತ್ತಾರೆ, ಒಪ್ಪಿಕೊಂಡರೆ ದೊಡ್ಡವರಾಗುತ್ತಾರೆ ಎಂದರು. ಮಾಡದ ತಪ್ಪನ್ನು ಒಪ್ಪಿಕೊಂಡು ದೊಡ್ಡವಳಾಗುವ ಜಾತಿ ಅಲ್ಲ ನಮ್ಮ ಅತ್ತಿಗೆ. ಕಾಂಟ್ಯಾಕ್ಟರನ್ನು ಬಾಚಿಕೊಂಡು ಹೊರಗೆ ನಡೆದಳು.

ಮನೆಗೆ ಬಂದು ನಾನು ಅಮ್ಮನಿಗೆ ಎಲ್ಲ ಹೇಳಿದೆ, ಬೇಕೆಂತಲೇ ಉಪ್ಪುಖಾರ ಹಚ್ಚಿ ಹೇಳಿದೆ. ಬೆಂಚಿನವರು ನಕ್ಕದ್ದನ್ನು ಎರಡು ಸಲ ಹೇಳಿದೆ. ತನ್ನ ತಪ್ಪು ಎಂದು ಅಮ್ಮ ಬಾಯಿಬಿಟ್ಟು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಮಾರನೆಯ ದಿನ ಒಳ್ಳೆಯ ಬಟ್ಟೆ ಉಟ್ಟು, ನನ್ನನ್ನು ಎಬ್ಬಿಸಿ, ಆ ಅಂಗಡಿ ಎಲ್ಲಿದೆ ತೋರಿಸು ಎಂದಳು.

ಅತ್ತಿಗೆ ಬೆಂಚಿನಲ್ಲಿ ತಂತಿ ಸುಲಿಯುತ್ತಿದ್ದವಳು ನಮ್ಮನ್ನು ಕಂಡು ಎದ್ದು ನಿಂತಳು. ಅಮ್ಮ ಅವಳ ಕಡೆ ನೋಡದೆ ನೇರ ಮಾಲೀಕರ ಮುಂದೆ ಹೋದಳು. ಇಂಜಿನಿಯರೂ ಹೊರಗೆ ಬಂದರು.

"ಎಣ್ಣೆ ಹಾಕಿದ್ದು ನಾನು. ಕೆಡಿಸಿದ್ದು ನಾನು. ನನ್ನ ಸೊಸೇದು ಇದರಲ್ಲಿ ಏನೂ ತಪ್ಪಿಲ್ಲ."

ಮಾಲೀಕರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಅಮ್ಮನಿಗೆ ಕೊಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ನಿಮ್ಮಂಥ ಅತ್ತೆ ಯಾರಿಗೆ ಸಿಗ್ತಾರಮ್ಮ? ಸೊಸೆ ತಪ್ಪನ್ನ ತಲೆ ಮೇಲೆ ಹಾಕ್ಕೊಂಡು ಇಲ್ಲೀವರೆಗೆ ಬಂದಿದ್ದೀರಲ್ಲ."

ಅಮ್ಮ ಮೊದಲು ಏನೂ ತಿಳಿಯದೆ ನನ್ನ ಮುಖ ನೋಡಿದಳು. ಇಲ್ಲ ಸ್ವಾಮಿ, ನಿಜವಾಗಿಯೂ ನಾನೇ ಎಂದಳು. ಅವರು ಇನ್ನೂ ಮೆಚ್ಚಿಕೊಂಡರು. ಅಮ್ಮ ದನಿ ಏರಿಸಿ, ಯಾವ ದಿನ ಹಾಕಿದೆ, ಹೇಗೆ ಹಾಕಿದೆ ಎಂದು ವಿವರ ಹೇಳಿದಳು. ಎಷ್ಟು ಚೆನ್ನಾಗಿ ಜೋಡಿಸಿಕೊಂಡು ಬಂದಿದ್ದಾರೆ ಪಾಪ ಎನ್ನುವ ಹಾಗೆ ಇಂಜಿನಿಯರು ತಲೆದೂಗಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ನಿನ್ನೆ ನೀವು ಇವರ ಮೇಲೆ ಹಾಕ್ತಿದ್ರಿ, ಇವತ್ತು ಇವರನ್ನ ನೋಡಿ ಎಂದರು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ನನಗೆ ಆ ಶೆಡ್ಡಿನ ಗಾಜನ್ನೆಲ್ಲ ಒಡೆದು ಹಾಕಬೇಕು ಅನ್ನಿಸಿತು. ಅತ್ತಿಗೆ ಮಾತ್ರ ಕೈಯಲ್ಲಿದ್ದ ತಂತಿಯನ್ನು ನೋಡುತ್ತ ನಿಂತಿದ್ದಳು.

ದಾರಿಯುದ್ದಕ್ಕೂ ಅಮ್ಮ ಕುದಿಯುತ್ತ ಬಂದಳು. ಜನ್ಮದಲ್ಲಿ ಒಂದು ಸಲ ತಪ್ಪು ಒಪ್ಪಿಕೊಂಡರೆ ಅದನ್ನೂ ಸುಳ್ಳು ಅಂತಾರಲ್ಲೇ ಎಂದಳು. ಸುದ್ದಿ ಲಾಂಡ್ರಿಗೂ ಬಂತು. ಮಡಿಸುವ ಮೇಜಿನ ಹೆಂಗಸರು ತಮ್ಮ ತಮ್ಮ ಅತ್ತೆಯರನ್ನು ಬೈಯುವಾಗ ಈಗ ಅಮ್ಮನ ಉದಾಹರಣೆ ಕೊಡುತ್ತಾರೆ. ಹೊಗಳಿದವರಿಗೆಲ್ಲ ಅಮ್ಮ ಬೈಯುತ್ತಾಳೆ. ಎಂಥ ವಿನಯ ನೋಡಿ ಎನ್ನುತ್ತಾರೆ.

ಇಂಜಿನಿಯರು ಎರಡು ಅಳತೆ ಮೇಲಿನ ಕಾಂಟ್ಯಾಕ್ಟರ್ ಆರಿಸಿ, ತಾವೇ ಗ್ರೀಸು ಒರೆಸಿ ಕಳಿಸಿದರು. ಅದನ್ನು ಕೂರಿಸಲು ಅತ್ತಿಗೆಯೇ ಬರಬೇಕಾಯಿತು. ಅದು ಪೆಟ್ಟಿಗೆಯಲ್ಲಿ ಸರಿಯಾಗಿ ಹಿಡಿಸದೆ, ಅವಳು ಸಾಲಾಗಿ ಕೂರಿಸಿದ್ದ ತಂತಿಗಳನ್ನೆಲ್ಲ ಪಕ್ಕಕ್ಕೆ ಬಗ್ಗಿಸಬೇಕಾಯಿತು. ಇದು ಹಿಂದಿನದಕ್ಕಿಂತ ಜೋರಾಗಿ ಗುಂಯ್ ಅನ್ನುತ್ತದೆ, ಆದರೆ ಇಂಜಿನಿಯರದಾದ್ದರಿಂದ ಯಾರೂ ಜೇನಿನ ಮಾತೆತ್ತಲಿಲ್ಲ. ತಿಂಗಳುಗಳು ಕಳೆದರೂ ಅದು ಅಂಟಿಕೊಳ್ಳಲಿಲ್ಲ. ಎಣ್ಣೆ ಬಿಡುವವರಿಲ್ಲ, ಅಂಟುವುದು ಎಲ್ಲಿಂದ? ನೋಡಿದಿರಾ, ಸರಿಯಾದದ್ದನ್ನು ಆರಿಸಿದರೆ ತಕರಾರೇ ಇಲ್ಲ ಎಂದು ಲಾಂಡ್ರಿಯವರು ಪ್ಯಾನಲ್ ಅಂಗಡಿಗೆ ಫೋನು ಮಾಡಿ ಹೇಳಿದರಂತೆ. ಆ ಫೋನಿನ ದಿನ ಅತ್ತಿಗೆ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಲೂ ಇಲ್ಲ.

ಅವಳು ಹಾಗೆ ಸುಮ್ಮನಾದದ್ದು ಅಮ್ಮನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ಅಮ್ಮ ತಟ್ಟೆ ಸರಿಸಿ ಹೇಳಿದಳು.

"ಆ ಹೊಸದಕ್ಕೂ ಎಣ್ಣೆ ಬಿಡ್ತೀನಿ. ವಾರವಾರ ಬಿಡ್ತೀನಿ. ಇಂಜಿನಿಯರು ಆರಿಸಿದ್ದೂ ಅಂಟ್ಕೊಳ್ಳಲಿ. ಆಗ ಗೊತ್ತಾಗುತ್ತೆ ಅವರಿಗೆ."

ಎಣ್ಣೆಯಿಂದ ಯಂತ್ರ ಕೆಡುತ್ತದೆ ಎಂದು ಅಮ್ಮ ಮನಸಾರೆ ಒಪ್ಪಿಕೊಂಡದ್ದು ಅದೇ ಮೊದಲು. ಅತ್ತಿಗೆಯ ಕೈ ತುತ್ತಿನ ಮೇಲೇ ನಿಂತಿತು. ಅವಳ ಮುಖದಲ್ಲಿ ಆಸೆ ಎದ್ದದ್ದು ನನಗೆ ಚೆನ್ನಾಗಿ ಕಂಡಿತು. ಆ ಕಾಂಟ್ಯಾಕ್ಟರೂ ಅಂಟಿಕೊಂಡರೆ, ಬಿಚ್ಚಿದಾಗ ಅದೇ ಗೋಂದು ಸಿಕ್ಕರೆ, ಅದನ್ನು ಒರೆಸಿ ಕಳಿಸಿದವರು ಇಂಜಿನಿಯರೇ ಆದ್ದರಿಂದ, ಅವಳ ಮಾತನ್ನು ನಂಬದೆ ಬೇರೆ ದಾರಿ ಇರುವುದಿಲ್ಲ. ಕುರ್ಚಿ ಅವಳದು. ಸುಳ್ಳೇಕೆ ಹೇಳಲಿ, ಆಸೆ ನನಗೂ ಆಯಿತು. ಹಾಕಲಿ ಬಿಡೇ, ನಾನು ಹುಷಾರಾಗಿರುತ್ತೇನೆ, ನಿಂತದ್ದನ್ನು ನೋಡದೆ ಕೈ ಹಾಕುವುದಿಲ್ಲ ಎಂದೆ.

ಅತ್ತಿಗೆ ನನ್ನ ಕೈಯನ್ನು ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಬೇಡ ಅತ್ತೆ. ದಿನಕ್ಕೆ ಅಷ್ಟು ಸಲ ಹಾಕೋ ಕೈ, ಒಂದು ಸಲ ನೋಡದೆ ಒಳಗೆ ಹೋಗಿಬಿಡಬಹುದು. ಅದು ಅಂಟೋದು ಯಾವತ್ತು, ಯಾವ ಸಲ ಅಂತ ನನಗೂ ಹೇಳೋಕಾಗಲ್ಲ. ಒಳಗೆ ಕೈ ಹಾಕೋಳು ಇವಳು."

ಅಷ್ಟೇ ಹೇಳಿ ಊಟ ಮುಂದುವರಿಸಿದಳು. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಅತ್ತಿಗೆ ಈಗಲೂ ಬೆಂಚಿನಲ್ಲೇ ಇದ್ದಾಳೆ, ಬೇರೆಯವರು ಆರಿಸಿದ್ದನ್ನು ಜೋಡಿಸುತ್ತಾಳೆ. ಗಾಜಿನ ಬಾಗಿಲನ್ನು ತಟ್ಟುವುದನ್ನೂ ಬಿಟ್ಟಿದ್ದಾಳಂತೆ, ಈಗ ಸ್ವಭಾವ ಎಷ್ಟು ಸುಧಾರಿಸಿದೆ ಎಂದು ಮಾಲೀಕರು ನನ್ನೆದುರಿಗೇ ಮೆಚ್ಚಿಕೊಂಡರು. ನನಗೆ ಹೊಟ್ಟೆ ಉರಿದುಹೋಯಿತು. ದಿನವೂ ಬೆಳಿಗ್ಗೆ ಬಟನ್ ತಟ್ಟುತ್ತೇನೆ, ಬೆರಳು ತೆಗೆಯುತ್ತೇನೆ, ಡ್ರಮ್ಮು ನಿಲ್ಲುತ್ತದೆ. ಇಂಜಿನಿಯರ ಆಯ್ಕೆ ಎಷ್ಟು ಚೆನ್ನಾಗಿದೆ ಎಂದು ಪಕ್ಕದವರು ಹೇಳುತ್ತಾರೆ. ನಾನು ಹೌದು ಎನ್ನುವುದಿಲ್ಲ, ಅಲ್ಲ ಎಂದರೆ ನಂಬುವವರಿಲ್ಲ. ಆ ಸಿಟ್ಟಿನಲ್ಲೇ ಕೈ ಒಳಗೆ ಹಾಕಿ ಚಿಲಕ ಬಿಚ್ಚುತ್ತೇನೆ.